ಮತ್ತೆಂದೂ ಆ ವಿಷಯ ಓದದವರಿಗಾಗಿ

ರಾಜ್ಯದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳ ಅಧ್ಯಕ್ಷರಿಗೂ ಸದಸ್ಯರಿಗೂ ಒಂದು ಬಹಿರಂಗ ಪತ್ರ



ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಬಿಎಸ್ಸಿ ತರಗತಿಗಳ ಜೊತೆಗೆ ಬಿಎ, ಬಿಕಾಂ ವಿದ್ಯಾರ್ಥಿಗಳಿಗೆ ಓಪನ್ ಎಲೆಕ್ಟಿವ್ ಪಾಠವನ್ನೂ ಮಾಡಿದ್ದೇನೆ. ಬಿಎಸ್ಸಿ ಪಠ್ಯದ ವಿಚಾರ ಹೇಳಲು ಈ ಪತ್ರ ಬರೆಯುತ್ತಿಲ್ಲ. ಅದರಲ್ಲಿ ಒಂದು ಘಟಕ ಹಿಂದುಮುಂದಾದರೂ ನಿಮ್ಮ ಸಭೆಗಳಲ್ಲಿ ಬಿಸಿ ಚರ್ಚೆ ನಡೆಯುತ್ತದೆ, ನಡೆಯಬೇಕಾದದ್ದೇ. ನಾನು ಹೇಳಬೇಕಾಗಿರುವುದು ಬೇರೆ ವಿಭಾಗದ ಮಕ್ಕಳಿಗೆಂದು ನೀವು ಮಂಜೂರು ಮಾಡುವ ಪತ್ರಿಕೆಗಳ ಬಗ್ಗೆ. ಅವನ್ನು ಓದುವವರಲ್ಲಿ ಹೆಚ್ಚಿನವರು ಆ ವಿಷಯವನ್ನು ಬದುಕಿನಲ್ಲಿ ಮತ್ತೆ ಓದುವುದಿಲ್ಲ. ಬಿಕಾಂ ಓದುವ ಹುಡುಗಿಗೆ ರಸಾಯನಶಾಸ್ತ್ರದೊಂದಿಗೆ ಸಿಗುವ ಕೊನೆಯ ಭೇಟಿ ಅದು. ಆ ಭೇಟಿ ಹೇಗಿರಬೇಕು ಎಂಬುದನ್ನು ತೀರ್ಮಾನಿಸುವವರು ನೀವು. ಆ ತೀರ್ಮಾನ ಈಗ ಆಗುತ್ತಿರುವ ರೀತಿ ಸರಿಯಿಲ್ಲ ಎಂದು ನೇರವಾಗಿಯೇ ಹೇಳುತ್ತಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 2015ರ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, ಅಂದರೆ ಸಿಬಿಸಿಎಸ್‌ನಲ್ಲಿ ಯುಜಿಸಿ ಜೆನೆರಿಕ್ ಎಲೆಕ್ಟಿವ್ ಎಂಬುದನ್ನು ಮುಂದಿಟ್ಟಿತು. 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಲು ಹೊರಟ ಕರ್ನಾಟಕದಲ್ಲಿ ಪದವಿಯ ಮೊದಲ ನಾಲ್ಕು ಸೆಮಿಸ್ಟರ್‌ಗಳಿಗೆ ಓಪನ್ ಎಲೆಕ್ಟಿವ್ ಬಂತು. ಆಗ ವಾರಕ್ಕೆ ಮೂರು ಗಂಟೆ, ಮೂರು ಕ್ರೆಡಿಟ್, ಪರೀಕ್ಷೆಗೆ 60 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 40. 2024ರ ಮೇ ತಿಂಗಳ ಸರ್ಕಾರಿ ಆದೇಶದಿಂದ ಪದವಿ ಮತ್ತೆ ಮೂರು ವರ್ಷದ್ದಾಯಿತು, ನೀವು ಪಠ್ಯಕ್ರಮವನ್ನು ಮತ್ತೊಮ್ಮೆ ಬರೆಯಬೇಕಾಯಿತು. ಹೆಸರು, ಕ್ರೆಡಿಟ್, ಸೆಮಿಸ್ಟರ್ ಬದಲಾಗುತ್ತಲೇ ಇವೆ. ತನ್ನ ವಿಭಾಗದಾಚೆಯ ಒಂದಿಷ್ಟನ್ನು ಪ್ರತಿಯೊಬ್ಬ ಪದವೀಧರನೂ ತಿಳಿದಿರಬೇಕು ಎಂಬ ಆಲೋಚನೆ ಮಾತ್ರ ಪ್ರತಿ ಸುತ್ತಿನಲ್ಲೂ ಹಿಂದಿರುಗುತ್ತದೆ. 1949ರಲ್ಲಿ ವರದಿ ಕೊಟ್ಟ ರಾಧಾಕೃಷ್ಣನ್ ಆಯೋಗವೂ ಇದನ್ನೇ ಸಾಮಾನ್ಯ ಶಿಕ್ಷಣ ಎಂದು ಕರೆದು, ತಡಮಾಡದೆ ತನ್ನಿ ಎಂದಿತ್ತು. ಎಪ್ಪತ್ತೈದು ವರ್ಷ ಕಳೆದರೂ ಅದು ನಮ್ಮ ಕಾಲೇಜುಗಳಲ್ಲಿ ಬೇರು ಬಿಟ್ಟಿಲ್ಲ. ಕಾರಣಗಳು ಹಲವು. ನಿಮ್ಮ ಸಭೆಯ ಮೇಜಿನ ಮೇಲೆಯೇ ಸರಿಪಡಿಸಬಹುದಾದ ಕಾರಣವನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ.

ಪತ್ರಿಕೆ ಹುಟ್ಟುವ ಬಗೆಯನ್ನು ಒಂದು ಮಂಡಳಿಯ ಒಳಗೆ ಕೂತೇ ನೋಡಿದ್ದೇನೆ. ಮೊದಲು ಬಿಎಸ್ಸಿ ಪಠ್ಯ ಅಂತಿಮವಾಗುತ್ತದೆ. ಊಟದ ಹೊತ್ತು ಮೀರಿರುತ್ತದೆ. ದೂರದ ಊರಿಂದ ಬಂದವರು ಬಸ್ಸಿನ ಸಮಯ ನೋಡುತ್ತಿರುತ್ತಾರೆ. ಆಗ ಓಪನ್ ಎಲೆಕ್ಟಿವ್ ಎಂಬ ಕಲಂ ಬರುತ್ತದೆ. ಯಾರೋ ಒಬ್ಬರು ಬಿಎಸ್ಸಿ ಪಠ್ಯದಿಂದಲೇ ಐದು ಘಟಕ ಎತ್ತಿ, ಕಷ್ಟದ ಸಮೀಕರಣಗಳನ್ನು ಬಿಟ್ಟು, ಮೇಲೊಂದು ಆಕರ್ಷಕ ಹೆಸರಿಟ್ಟು ತಂದಿರುತ್ತಾರೆ. ‘ಎಲ್ಲರ ಒಪ್ಪಿಗೆ ಇದೆಯಲ್ಲ?’ ಎಂದು ಅಧ್ಯಕ್ಷರು ಕೇಳುತ್ತಾರೆ, ನಡಾವಳಿಗೆ ಸಹಿ ಬೀಳುತ್ತದೆ. ಅಲ್ಲಿಂದ ಅದು ನಿಕಾಯದ ಸಭೆಗೆ, ಆಮೇಲೆ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಅಲ್ಲಿ ಎಲ್ಲ ವಿಭಾಗಗಳ ಪಠ್ಯಗಳು ದಪ್ಪ ಕಟ್ಟಾಗಿ ಒಟ್ಟಿಗೆ ಬಂದಿರುತ್ತವೆ. ಪುಟ ಪುಟ ಓದುವುದು ಯಾರಿಗೂ ಸಾಧ್ಯವಿಲ್ಲ. ಹೀಗೆ ಮೂರು ಹಂತ ದಾಟಿ ಬಂದ ಪತ್ರಿಕೆಯನ್ನು, ಅದು ಯಾರಿಗಾಗಿ ಬರೆದದ್ದೋ ಅವರ ಕಣ್ಣಿನಿಂದ ಒಬ್ಬರೂ ಓದಿರುವುದಿಲ್ಲ.

ದೋಷ ಸದಸ್ಯರ ಶ್ರದ್ಧೆಯಲ್ಲಿಲ್ಲ, ರಚನೆಯಲ್ಲೇ ಇದೆ. ಅಧ್ಯಯನ ಮಂಡಳಿ ಇರುವುದು ವಿಷಯವಾರು. ರಸಾಯನಶಾಸ್ತ್ರ ಮಂಡಳಿಯಲ್ಲಿ ಕೂರುವವರೆಲ್ಲ ರಸಾಯನಶಾಸ್ತ್ರದವರೇ. ಅಲ್ಲಿ ಕೂತವರಿಗೆ ಯಾವ ಪದವೂ ಕಠಿಣವಲ್ಲ, ಯಾವ ಪರಿಕಲ್ಪನೆಯೂ ಹೊಸದಲ್ಲ. ಪತ್ರಿಕೆ ಹೋಗುವುದು ಮಾತ್ರ ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನವನ್ನು ಕೊನೆಯ ಬಾರಿ ಓದಿ, ಪಿಯುಸಿಯಲ್ಲಿ ವಾಣಿಜ್ಯವನ್ನೋ ಕಲೆಯನ್ನೋ ಆಯ್ದುಕೊಂಡವರ ಕೈಗೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ನಿತ್ಯಜೀವನದಲ್ಲಿ ರಸಾಯನಶಾಸ್ತ್ರ’ ಎಂಬ ಮಾದರಿಯ ಪತ್ರಿಕೆ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಹೆಸರು ಚೆನ್ನಾಗಿದೆ. ಒಳಗೆ ಹಾಲು ಮತ್ತು ಹಾಲಿನ ಉತ್ಪನ್ನಗಳ ಸಂಯೋಜನೆ, ಹಾಲಿಗೆ ಬೆರೆಸಿದ ನೀರಿನ ಅಂದಾಜು, ಕಾಫಿಯಲ್ಲಿ ಚಿಕೋರಿಯ ಪತ್ತೆ, ಎಣ್ಣೆ ಕೊಬ್ಬುಗಳ ಅಯೋಡಿನ್ ಮೌಲ್ಯ, ಸಾಬೂನೀಕರಣ ಮೌಲ್ಯ, ಆರ್‌ಎಂ ಮೌಲ್ಯ ಇತ್ಯಾದಿ. ಓದಿದರೆ ಯಾರಾದರೂ ತಲೆದೂಗುತ್ತಾರೆ. ಆದರೆ ಇದು ಥಿಯರಿ ಪತ್ರಿಕೆ, ಲ್ಯಾಬ್ ಇಲ್ಲ. ಆರ್‌ಎಂ ಮೌಲ್ಯವೆಂದರೆ ತುಪ್ಪಕ್ಕೆ ಬೇರೆ ಕೊಬ್ಬು ಬೆರೆತಿದೆಯೇ ಎಂದು ನೋಡುವ ಹಳೆಯ ಪರೀಕ್ಷೆ. ಐದು ಗ್ರಾಂ ಕೊಬ್ಬಿನಿಂದ ಬಟ್ಟಿ ಇಳಿದು ಬಂದ, ನೀರಿನಲ್ಲಿ ಕರಗುವ ಆಮ್ಲಗಳನ್ನು ತಟಸ್ಥಗೊಳಿಸಲು ಎಷ್ಟು ಮಿಲಿಲೀಟರ್ ಕ್ಷಾರ ಬೇಕು ಎಂಬ ಲೆಕ್ಕ ಅದು. ಬ್ಯೂರೆಟ್ಟನ್ನು ಕಣ್ಣಾರೆ ಕಾಣದ ಬಿಎ ವಿದ್ಯಾರ್ಥಿ ಇದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ. ಪ್ರಶ್ನೆಪತ್ರಿಕೆಯಲ್ಲಿ ಬರುವುದೂ ಅದೇ: ವ್ಯಾಖ್ಯಾನಿಸಿ, ವಿವರಿಸಿ, ಟಿಪ್ಪಣಿ ಬರೆಯಿರಿ. ಪರೀಕ್ಷೆ ಮುಗಿದ ವಾರಕ್ಕೆ ಒಂದಕ್ಷರವೂ ಉಳಿದಿರುವುದಿಲ್ಲ. ತುಪ್ಪ ಕೊಳ್ಳುವಾಗ ಅವನಿಗೆ ಇದರಿಂದ ಯಾವ ಸಹಾಯವೂ ಆಗುವುದಿಲ್ಲ.

ಅದೇ ಪಟ್ಟಿಯಲ್ಲಿರುವ ಚಿಕೋರಿಯನ್ನು ನೋಡಿ. ಅದಕ್ಕೆ ಲ್ಯಾಬ್ ಬೇಡ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಸಾಕು. ಕಾಫಿಪುಡಿ ಎಣ್ಣೆಯ ಅಂಶದಿಂದಾಗಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಮುಳುಗುತ್ತಾ ಕಂದು ಗೆರೆಗಳನ್ನು ಇಳಿಬಿಡುತ್ತದೆ. ನನ್ನ ಬಿಕಾಂ ತರಗತಿಯಲ್ಲಿ ಇದನ್ನು ಮಾಡಿಸಿದ್ದೇನೆ. ಮಕ್ಕಳು ಮನೆಯಿಂದ ಪುಡಿ ತಂದಿದ್ದರು, ಕೆಲವರು ಪೊಟ್ಟಣ ಸಮೇತ. ಗೆರೆ ಇಳಿದ ಕೂಡಲೇ ಒಬ್ಬ, ‘ಹಾಗಾದ್ರೆ ಇದು ಕಲಬೆರಕೆನಾ ಸರ್?’ ಎಂದು ಕೇಳಿದ. ಪಾಠ ನಿಜವಾಗಿ ಶುರುವಾದದ್ದು ಅಲ್ಲಿಂದ. ಕಾಫಿ–ಚಿಕೋರಿ ಮಿಶ್ರಣ ಮಾರುವುದು ಅಪರಾಧವಲ್ಲ. ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎಷ್ಟು ಚಿಕೋರಿ ಇದೆಯೆಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂಬುದು ನಿಯಮ. ಪೊಟ್ಟಣಗಳು ಕೈಯಿಂದ ಕೈಗೆ ಹೋದವು. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ಓದಿದರು. ಯಾವುದರಲ್ಲಿ ಎಷ್ಟು ಕಾಫಿ, ಬೆಲೆ ಎಷ್ಟು, ಕಾಫಿಯ ಅಂಶಕ್ಕೆ ಲೆಕ್ಕ ಹಾಕಿದರೆ ಯಾವುದು ಅಗ್ಗ ಎಂದು ಬೋರ್ಡಿನ ಮೇಲೆ ಅವರೇ ಕೋಷ್ಟಕ ಹಾಕಿದರು. ರಸಾಯನಶಾಸ್ತ್ರ, ಕಾನೂನು, ವ್ಯಾಪಾರ ಒಂದೇ ಗಂಟೆಯಲ್ಲಿ ಸೇರಿಕೊಂಡವು. ಲೇಬಲ್ ಓದುವ ಅಭ್ಯಾಸ ಅವರಲ್ಲಿ ಕೆಲವರಿಗಾದರೂ ಉಳಿಯುತ್ತದೆ ಎಂಬ ಭರವಸೆ ನನಗಿದೆ.

ಹಾಲಿನ ಕಥೆಯೂ ಇಂಥದ್ದೇ. ನಮ್ಮ ತರಗತಿಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಗಳಿಂದ ಬರುವವರು ಬೇಕಾದಷ್ಟು ಜನರಿದ್ದಾರೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ), ಡಿಗ್ರಿ ಅವರ ಮನೆಯ ಮಾತು. ‘ಇವತ್ತು ಡಿಗ್ರಿ ಬರಲಿಲ್ಲ’ ಎಂದರೆ ಅಮ್ಮನ ಮುಖ ಏಕೆ ಸಪ್ಪಗಾಗುತ್ತದೆಂದು ಅವರಿಗೆ ಗೊತ್ತು. ಆ ಡಿಗ್ರಿ ತೋರಿಸುವ ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ಹೇಳುತ್ತದೆ. ನೀರು ಬೆರೆತರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಹಾಗಾಗಿ ಕೆನೆ ತೆಗೆದು ನೀರು ಬೆರೆಸಿದರೆ ಆ ಒಂದು ಸಾಧನವನ್ನು ಮೋಸಗೊಳಿಸಬಹುದು, ಫ್ಯಾಟ್ ಬೇರೆಯಾಗಿ ನೋಡುವುದು ಅದಕ್ಕೇ. ಇದನ್ನು ಅರ್ಥ ಮಾಡಿಕೊಳ್ಳಲು ಪಿಯುಸಿ ರಸಾಯನಶಾಸ್ತ್ರ ಬೇಕಿಲ್ಲ. ಟೋನ್ಡ್ ಹಾಲಿನ ಪ್ಯಾಕೆಟ್ ಮೇಲೆ ಫ್ಯಾಟ್ 3.0 ಮತ್ತು ಎಸ್‌ಎನ್‌ಎಫ್ 8.5 ಎಂದು ಬರೆದಿರುವುದು ಏನು, ಉತ್ಪಾದಕನ ಕೈಗೆ ಬರುವ ದರ ಇದರಿಂದ ಹೇಗೆ ನಿಗದಿಯಾಗುತ್ತದೆ ಎಂಬಲ್ಲಿಗೆ ಪಾಠ ಮುಟ್ಟಿದರೆ ಆ ಮಕ್ಕಳು ಮನೆಗೆ ಹೋಗಿ ಡೇರಿ ಚೀಟಿಯನ್ನು ತೆಗೆದು ನೋಡುತ್ತಾರೆ. ಪಠ್ಯದಲ್ಲಿ ‘ಹಾಲಿನ ಸಂಯೋಜನೆ’ ಎಂದಷ್ಟೇ ಇದೆ. ನೀರು, ಕೊಬ್ಬು, ಪ್ರೋಟೀನ್, ಲ್ಯಾಕ್ಟೋಸ್, ಖನಿಜ ಎಂದು ಪಟ್ಟಿ ಬರೆಸಿ ಮುಂದಕ್ಕೆ ಹೋಗಲು ಅಷ್ಟೇ ಸಾಕಾಗುತ್ತದೆ.

ಒಳ್ಳೆಯ ಮೇಷ್ಟ್ರು ಪಠ್ಯ ಹೇಗಿದ್ದರೂ ಚೆನ್ನಾಗಿ ಪಾಠ ಮಾಡುತ್ತಾರೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲೋಟದ ಪ್ರಯೋಗಕ್ಕೆ ಒಂದು ಗಂಟೆ ಕೊಟ್ಟ ದಿನವೇ ಒಬ್ಬ ಹುಡುಗಿ ಎದ್ದು ನಿಂತು ಸಿಲಬಸ್ ಯಾವಾಗ ಮುಗಿಯುತ್ತದೆ ಎಂದು ವಿನಯದಿಂದಲೇ ಕೇಳಿದಳು. ಅವಳ ಆತಂಕ ನ್ಯಾಯವಾದದ್ದು. ಪ್ರಶ್ನೆಪತ್ರಿಕೆಯನ್ನು ಬೇರೆ ಯಾರೋ, ಬೇರೆಲ್ಲೋ ಕೂತು, ನೀವು ಅಚ್ಚು ಹಾಕಿಸಿದ ಘಟಕಗಳ ಶೀರ್ಷಿಕೆ ನೋಡಿಕೊಂಡು ತೆಗೆಯುತ್ತಾರೆ. ಅಲ್ಲಿ ಆರ್‌ಎಂ ಮೌಲ್ಯವೇ ಬರುತ್ತದೆ.

ಇದು ವಿಜ್ಞಾನದವರ ಕಷ್ಟ ಮಾತ್ರವಲ್ಲ. ನಮ್ಮ ಬಿಎಸ್ಸಿ ಮಕ್ಕಳು ಇತಿಹಾಸದ ಎಲೆಕ್ಟಿವ್ ತೆಗೆದುಕೊಂಡು ರಾಜವಂಶಗಳ ಅನುಕ್ರಮಣಿಕೆ ಬರೆಯುತ್ತಾರೆ. ಬೇರೆ ದಾರಿ ಇದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಹಳೆ ಮೈಸೂರಿನ ಶಾಸನಗಳು ತಾಲ್ಲೂಕುವಾರು ಜೋಡಿಸಲ್ಪಟ್ಟಿವೆ. ಆ ಮಕ್ಕಳ ಊರಿನ ಕೆರೆ ಏರಿಯ ಮೇಲೆ ನಿಂತ ಕಲ್ಲಿನ ಪಾಠ ಅಲ್ಲಿರಬಹುದು. ಆ ಕಲ್ಲಿನಲ್ಲಿ ಏನಿದೆ, ಯಾರು ಯಾರಿಗೆ ಏನು ದಾನ ಕೊಟ್ಟರು, ಕಾಲವನ್ನು ಹೇಗೆ ಗುರುತಿಸುತ್ತಾರೆ ಎಂದು ಒಂದೇ ಒಂದು ಶಾಸನವನ್ನು ಬಿಡಿಸಿ ನೋಡಿದರೆ ಇತಿಹಾಸಕಾರ ಕೆಲಸ ಮಾಡುವ ಬಗೆ ಭೌತಶಾಸ್ತ್ರದ ಹುಡುಗನಿಗೆ ಹಿಡಿಯುತ್ತದೆ. ವಂಶಾವಳಿ ಹಿಡಿಸಲಾರದು.

ಬೇರೆಡೆ ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಒಂದಿಷ್ಟು ನೋಡೋಣ, ಅವರದ್ದೇ ಶ್ರೇಷ್ಠ ಎಂದಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯ ಶಿಕ್ಷಣದಲ್ಲಿ ನೂರು ವರ್ಷ ದಾಟಿದ ಅನುಭವವಿದೆ. ಕೊಲಂಬಿಯಾದಲ್ಲಿ ಸಮಕಾಲೀನ ನಾಗರಿಕತೆಯ ಕೋರ್ಸ್ ಶುರುವಾದದ್ದು 1919ರಲ್ಲಿ. ಹಾರ್ವರ್ಡ್‌ನ ಸಮಿತಿಯೊಂದು ಈ ಬಗ್ಗೆ ದೊಡ್ಡ ವರದಿ ಕೊಟ್ಟದ್ದು 1945ರಲ್ಲಿ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಥ ಕೋರ್ಸುಗಳನ್ನು ನೋಡುವ ಸಮಿತಿ ವಿಷಯವಾರು ಇರುವುದಿಲ್ಲ, ನಾನಾ ವಿಭಾಗಗಳ ಅಧ್ಯಾಪಕರು ಸೇರಿ ಕೂರುತ್ತಾರೆ. ಇತಿಹಾಸದವರು ತಂದ ಕೋರ್ಸನ್ನು ರಸಾಯನಶಾಸ್ತ್ರದವರೂ ಓದುತ್ತಾರೆ. ಘಟಕಗಳ ಪಟ್ಟಿಯ ಜೊತೆಗೆ ಈ ಕೋರ್ಸ್ ಸಾಮಾನ್ಯ ಶಿಕ್ಷಣದ ಯಾವ ಉದ್ದೇಶವನ್ನು ಹೇಗೆ ಈಡೇರಿಸುತ್ತದೆ ಎಂಬ ಬರಹ, ವಿದ್ಯಾರ್ಥಿಗೆ ಕೊಡುವ ಕೆಲಸದ ಮಾದರಿ ಇವನ್ನೆಲ್ಲ ಸಲ್ಲಿಸಬೇಕಾಗುತ್ತದೆ. ತೃಪ್ತಿಯಾಗದಿದ್ದರೆ ತಿದ್ದಿ ತನ್ನಿ ಎಂದು ಹಿಂದಕ್ಕೆ ಕಳಿಸುತ್ತಾರೆ. ಕೆಲವೆಡೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಅರ್ಹತೆ ತೋರಿಸಬೇಕು.

ಇಷ್ಟಿದ್ದೂ ಅಲ್ಲಿಯೂ ಎಡವಿದ್ದಾರೆ. ಹಾರ್ವರ್ಡ್ 2009ರಲ್ಲಿ ಜಾರಿಗೆ ತಂದ ಸಾಮಾನ್ಯ ಶಿಕ್ಷಣದ ಕಾರ್ಯಕ್ರಮವನ್ನು ಕೆಲವೇ ವರ್ಷಗಳಲ್ಲಿ ಅವರದೇ ಸಮಿತಿ ತೂಗಿ ನೋಡಿ, ಇದು ಅಂದುಕೊಂಡಂತೆ ನಡೆಯುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿತು. ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಗೆಂದು ರೂಪಿಸಿಕೊಂಡಿದ್ದ ಕೋರ್ಸುಗಳೇ ದೊಡ್ಡ ಸಂಖ್ಯೆಯಲ್ಲಿ ಸಾಮಾನ್ಯ ಶಿಕ್ಷಣದ ಲೆಕ್ಕಕ್ಕೆ ಸೇರಿಕೊಂಡಿದ್ದವು. ಅಲ್ಲೊಂದು ಇಲ್ಲೊಂದು ವಿಷಯದ ರುಚಿ ನೋಡಿ ಬರುವುದಕ್ಕೂ ಸಾಮಾನ್ಯ ಶಿಕ್ಷಣಕ್ಕೂ ಇರಬೇಕಾದ ಅಂತರ ಅಳಿಸಿಹೋಗಿತ್ತು. ಅವರು ಎರಡನ್ನೂ ಬೇರೆ ಮಾಡಿ 2019ರಲ್ಲಿ ಹೊಸ ರೂಪ ಕೊಟ್ಟರು. ನಮ್ಮ ರೋಗವೂ ಅದೇ. ಅವರಲ್ಲಿ ಅದನ್ನು ಪತ್ತೆ ಹಚ್ಚುವ ಸಮಿತಿ ಇತ್ತು. ನಮ್ಮಲ್ಲಿ ಒಮ್ಮೆ ಮಂಜೂರಾದ ಪತ್ರಿಕೆ ತರಗತಿಯಲ್ಲಿ ಏನಾಯಿತೆಂದು ಕೇಳುವವರೇ ಇಲ್ಲ.

ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪರಿಸರ ಅಧ್ಯಯನದ ಗತಿಯನ್ನು ನೆನೆಯಿರಿ. ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಬಲದಿಂದ ಅದು ಎಲ್ಲ ಪದವಿಗಳಿಗೂ ಕಡ್ಡಾಯವಾಯಿತು. ಯುಜಿಸಿ ಸಿದ್ಧಪಡಿಸಿದ ಪಠ್ಯದಲ್ಲಿ ಕ್ಷೇತ್ರಕಾರ್ಯಕ್ಕೆ 25 ಅಂಕವಿತ್ತು: ಹತ್ತಿರದ ನದಿಗೋ ಬೆಟ್ಟಕ್ಕೋ ಹೋಗಿ ದಾಖಲಿಸುವುದು, ಮಲಿನಗೊಂಡ ಒಂದು ಜಾಗ ನೋಡುವುದು, ಸುತ್ತಲಿನ ಗಿಡ, ಹುಳು, ಹಕ್ಕಿಗಳನ್ನು ಗುರುತಿಸುವುದು. ಸಾಮಾನ್ಯ ಶಿಕ್ಷಣ ಹೇಗಿರಬೇಕೆಂದು ಬಲ್ಲವರು ಬರೆದ ಭಾಗ ಅದು. ನಾನು ಕಂಡ ಕಾಲೇಜುಗಳಲ್ಲಿ ಆ ಭಾಗವೇ ಮೊದಲು ಕಳಚಿತು. ಉಳಿದದ್ದು ಗೈಡು. ಕೆರೆಗೆ ಹೋಗಲು ದೂರವೇನಿರಲಿಲ್ಲ. ಯಾರೂ ವಿಚಾರಿಸಲಿಲ್ಲ, ಅಷ್ಟೇ.

ಈಗ ವರ್ಕ್‌ಲೋಡಿನ ಮಾತು. ಸಭೆಗಳಲ್ಲಿ ಇದನ್ನು ಎಲ್ಲರೂ ತಗ್ಗಿದ ದನಿಯಲ್ಲಿ ಆಡುತ್ತಾರೆ. ಪತ್ರದಲ್ಲಿ ಬರೆಯುವುದೇ ಮೇಲು. ಎಷ್ಟೋ ಎಲೆಕ್ಟಿವ್‌ಗಳು ಹುಟ್ಟುವುದು ವಿಭಾಗಕ್ಕೆ ಗಂಟೆಗಳು ಕಡಿಮೆ ಬಿದ್ದಾಗ. ಗಂಟೆ ಕಡಿಮೆಯಾದರೆ ಮೊದಲು ಕೆಲಸ ಕಳೆದುಕೊಳ್ಳುವವರು ಅತಿಥಿ ಉಪನ್ಯಾಸಕರು. ಅವರ ಮನೆಯ ಒಲೆ ಉರಿಯುವುದು ಆ ಗಂಟೆಗಳಿಂದ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅವರ ನೌಕರಿಯ ಭದ್ರತೆಗೆ ಸರ್ಕಾರದ ಜೊತೆ ಹೋರಾಡಬೇಕೇ ಹೊರತು ಅದರ ಭಾರವನ್ನು ಹದಿನೆಂಟು ವರ್ಷದ ಮಕ್ಕಳ ಪಠ್ಯದ ಮೇಲೆ ಹೇರಬಾರದು. ಯಾವ ವಿಭಾಗಕ್ಕೆ ಎಷ್ಟು ಗಂಟೆ ಎಂಬ ಪ್ರಶ್ನೆ ಬಂದ ಕೂಡಲೇ ಯಾವ ಪತ್ರಿಕೆ ಸುಲಭ, ಯಾವುದರಲ್ಲಿ ಅಂಕ ಧಾರಾಳ ಎಂಬ ಪ್ರಚಾರ ಕಾರಿಡಾರಿನಲ್ಲಿ ಶುರುವಾಗುತ್ತದೆ. ಸಣ್ಣ ಕಾಲೇಜುಗಳಲ್ಲಂತೂ ಆಯ್ಕೆ ಎಂಬುದು ಕಾಗದದ ಮೇಲಷ್ಟೇ ಇದೆ. ಇರುವ ಒಬ್ಬಿಬ್ಬರು ಅಧ್ಯಾಪಕರು ಯಾವುದನ್ನು ಕಲಿಸಬಲ್ಲರೋ ಎಲ್ಲರಿಗೂ ಅದೇ.

ಇನ್ನು ಭಾಷೆ. ಬಿಎ, ಬಿಕಾಂ ಮಕ್ಕಳಲ್ಲಿ ಬಹಳಷ್ಟು ಮಂದಿ ಕನ್ನಡದಲ್ಲಿ ಓದಿ ಬಂದವರು, ಕನ್ನಡದಲ್ಲೇ ಉತ್ತರ ಬರೆಯುವವರು. ಅವರಿಗೆಂದು ನಾವು ಬರೆದ ವಿಜ್ಞಾನದ ಎಲೆಕ್ಟಿವ್‌ನ ಪಠ್ಯ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಹಾಕಿದ ಪುಸ್ತಕಗಳು ಇಂಗ್ಲಿಷಿನಲ್ಲಿ, ಅವೂ ಬಿಎಸ್ಸಿಯವರು ಓದುವಂಥವು. ನಮ್ಮ ಹಿರಿಯರು ಹೀಗೆ ಮಾಡಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟರು, ತಮ್ಮ ವಿಷಯವನ್ನು ಪುಟ್ಟ ಕನ್ನಡ ಪುಸ್ತಕಗಳಾಗಿ ಬರೆದು ಕೈಗೆಟಕುವ ಬೆಲೆಗೆ ಕೊಟ್ಟರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಒಂದು ತರಗತಿಗೂ ಕೂರದ ಸಾವಿರಾರು ಮಂದಿ ಅದನ್ನು ಓದಿ ಗಿಡಮರಗಳನ್ನು ನೋಡಲು ಕಲಿತರು. ಅಂಥ ಬರಹ ಎಲ್ಲರಿಗೂ ಒಲಿಯುವುದಿಲ್ಲ. ಆದರೆ ಒಂದು ಪತ್ರಿಕೆಗೆ ನೂರು ಪುಟದ ಕನ್ನಡ ಪಠ್ಯ ಸಿದ್ಧಪಡಿಸುವುದು ಮಂಡಳಿಯ ಶಕ್ತಿಗೆ ಮೀರಿದ್ದಲ್ಲ. ಅದು ಕೈಗೆ ಬರುವವರೆಗೆ ಆ ಪತ್ರಿಕೆಯನ್ನು ಜಾರಿ ಮಾಡಬೇಡಿ.

ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಹೊಸ ಕಾಯ್ದೆ ಬೇಡ, ಅನುದಾನ ಬೇಡ. ಓಪನ್ ಎಲೆಕ್ಟಿವ್‌ಗಳನ್ನು ನೋಡುವ ದಿನ ಬೇರೆ ನಿಕಾಯದ ಇಬ್ಬರು ಅಧ್ಯಾಪಕರನ್ನೂ ಹಿಂದೆ ಆ ಪತ್ರಿಕೆ ಓದಿದ ಒಂದಿಬ್ಬರು ವಿದ್ಯಾರ್ಥಿಗಳನ್ನೂ ಕರೆಯಿರಿ. ಅವರಿಗೆ ಅರ್ಥವಾಗದ ಸಾಲು ಪಠ್ಯದಲ್ಲಿ ಇರಕೂಡದು. ಎಸ್‌ಎಸ್‌ಎಲ್‌ಸಿ ವಿಜ್ಞಾನದಾಚೆ ಏನನ್ನೂ ಓದದವರು ಇದನ್ನು ಕಲಿಯಬಲ್ಲರೇ ಎಂದು ಪ್ರತಿ ಘಟಕಕ್ಕೂ ಕೇಳಿಕೊಳ್ಳಿ. ಪಠ್ಯದ ಜೊತೆಗೇ ಮಾದರಿ ಪ್ರಶ್ನೆಪತ್ರಿಕೆ ತರಿಸಿ, ಮೊದಲು ಅದನ್ನೇ ಓದಿ, ಏಕೆಂದರೆ ತರಗತಿ ನಡೆಯುವುದು ಪ್ರಶ್ನೆಪತ್ರಿಕೆಯ ದಾರಿಯಲ್ಲೇ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಇನ್ನೊಂದು ಸಣ್ಣ ಪರೀಕ್ಷೆಗೆ ಸುರಿಯದೆ, ಡೇರಿಗೋ ಗ್ರಾಮ ಪಂಚಾಯಿತಿ ಕಚೇರಿಗೋ ಶಾಸನದ ಕಲ್ಲಿನ ಬಳಿಗೋ ಹೋಗಿ ಬಂದು ಬರೆಯುವ ಎರಡು ಪುಟಕ್ಕೆ ಮೀಸಲಿಡಿ. ಮೂರು ವರ್ಷವಾದ ಮೇಲೆ ಒಂದು ಕಟ್ಟು ಉತ್ತರಪತ್ರಿಕೆ ತರಿಸಿ ಮಂಡಳಿಯ ಸದಸ್ಯರೇ ಕೂತು ಓದಲಿ. ಐದು ಘಟಕ ಬೇಡವೇ ಬೇಡ, ಮೂರು ಸಾಕು.

ಎರಡು ಘಟಕ ಕಡಿಮೆ ಮಾಡಿದರೆ ವಿಷಯದ ಗೌರವ ಕುಂದುತ್ತದೆ ಎಂಬ ಆಕ್ಷೇಪ ಖಂಡಿತ ಬರುತ್ತದೆ, ನಮ್ಮ ವಿಭಾಗದವರಿಂದಲೇ ಬರುತ್ತದೆ. ಬಿಎಸ್ಸಿಯ ವಿದ್ಯಾರ್ಥಿಗೆ ನಾವು ಅಪೂರ್ಣವಾಗಿ ಕಲಿಸಿದ್ದನ್ನು ಎಂಎಸ್ಸಿಯಲ್ಲಿ ಯಾರಾದರೂ ತುಂಬಿಕೊಡುತ್ತಾರೆ. ಬಿಕಾಂ ವಿದ್ಯಾರ್ಥಿಗೆ ಹಾಗೆ ತುಂಬಿಕೊಡುವವರು ಯಾರೂ ಇಲ್ಲ. ಹಾಗಾಗಿ ಹೆಚ್ಚು ಎಚ್ಚರದಿಂದ, ಹೆಚ್ಚು ಹೊತ್ತು ಕೊಟ್ಟು ನೋಡಬೇಕಾದದ್ದು ಈ ಪತ್ರಿಕೆಯನ್ನೇ. ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಕೊನೆಗೆ ಇಡಬೇಡಿ, ಬೆಳಿಗ್ಗೆಯೇ ಎತ್ತಿಕೊಳ್ಳಿ.

ಹಾಲು ಮತ್ತು ಕಾಫಿಯ ಘಟಕಗಳಿಗೆ ನಾನು ಕನ್ನಡದಲ್ಲಿ ಟಿಪ್ಪಣಿ ಮಾಡಿಟ್ಟುಕೊಂಡಿದ್ದೇನೆ. ಲೋಟ, ನೀರು, ಪೊಟ್ಟಣ, ಡೇರಿ ಚೀಟಿ ಇಷ್ಟರಲ್ಲೇ ಮಾಡಿಸಬಹುದಾದ ಚಟುವಟಿಕೆಗಳೂ ಅದರಲ್ಲಿವೆ. ಯಾವ ವಿಶ್ವವಿದ್ಯಾಲಯದ ಮಂಡಳಿ ಕೇಳಿದರೂ ಕಳಿಸುತ್ತೇನೆ, ತಿದ್ದಿ ಬಳಸಿಕೊಳ್ಳಿ, ನನ್ನ ಹೆಸರು ಹಾಕಬೇಕಿಲ್ಲ. ವಾಣಿಜ್ಯ ಮಂಡಳಿಯವರು ವಿಜ್ಞಾನದ ಮಕ್ಕಳಿಗಾಗಿ ಬರೆಯುವ ಪತ್ರಿಕೆಯನ್ನು ಹೊರಗಿನವನಾಗಿ ಓದಲು ಕರೆದರೆ ಒಂದು ದಿನ ರಜೆ ಹಾಕಿ ಬರುತ್ತೇನೆ. ಡೆಬಿಟ್ ಕ್ರೆಡಿಟ್ ನನಗೆ ತಿಳಿಯದು, ಈ ಕೆಲಸಕ್ಕೆ ಬೇಕಾದವರು ಅಂಥವರೇ. ಟಿಎ, ಡಿಎ ಬೇಡ.

ಇಂತಿ,
ನಿಮ್ಮ ಪಠ್ಯಗಳನ್ನು ತರಗತಿಗೆ ಒಯ್ಯುವ ಒಬ್ಬ ಅಧ್ಯಾಪಕ